ಚಹಾ ಪರೀಕ್ಷೆ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಒಂದು ಅಡುಗೆಮನೆ ಇದೆ. ಹಸಿವಾಯಿತೆಂದು ಅಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಅಲ್ಲಿ ಬೇಯುವ ಮೊಟ್ಟೆ, ಹೆಚ್ಚುವ ಈರುಳ್ಳಿ, ತೊಳೆಯುವ ಲೋಟ ಎಲ್ಲವೂ ಚಿಕಿತ್ಸೆಯ ಲೆಕ್ಕಕ್ಕೆ ಹೋಗುತ್ತವೆ. ಕಟ್ಟೆಯ ಅಡಿಯನ್ನು ಗಾಲಿಕುರ್ಚಿ ಒಳಗೆ ಹೋಗುವಷ್ಟು ಖಾಲಿ ಬಿಟ್ಟಿದ್ದಾರೆ. ಹೆಚ್ಚುವ ಹಲಗೆಗೆ ಅಡಿಯಿಂದ ಮೊಳೆ ಹೊಡೆದು ಮೊನೆಯನ್ನು ಮೇಲಕ್ಕೆ ಬಿಟ್ಟಿದ್ದಾರೆ. ಒಂದು ಕೈ ಸೋತವರು ಆಲೂಗಡ್ಡೆಯನ್ನು ಆ ಮೊಳೆಗೆ ಚುಚ್ಚಿ ನಿಲ್ಲಿಸಿ, ಇನ್ನೊಂದು ಕೈಯಿಂದ ಸಿಪ್ಪೆ ಹೆರೆಯಬಹುದು. ಪಾತ್ರೆ ಜಾರದ ಹಾಗೆ ರಬ್ಬರ್ ಹಾಸು ಇದೆ. ಗೋಡೆಯ ಮೇಲೆ ‘ಅರ್ಥಪೂರ್ಣ ಚಟುವಟಿಕೆಯೇ ಔಷಧ’ ಎಂಬ ಫಲಕ ಇದೆ. ಅರ್ಥ ಯಾರಿಗೆ ಅಂತ ಅದರಲ್ಲಿ ಬರೆದಿಲ್ಲ. ಫಲಕ ಚಿಕ್ಕದು.

ಈ ಅಡುಗೆಮನೆಯ ಒಡತಿ ಆಕ್ಯುಪೇಶನಲ್ ಥೆರಪಿಸ್ಟ್. ಹಾಗೆಂದರೆ ಏನು ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಅವಳ ಬಾಯಿ ಒಣಗಿದೆ. ಅರ್ಧ ಜನ ಅವಳನ್ನು ಕೆಲಸ ಕೊಡಿಸುವವಳು ಎಂದುಕೊಳ್ಳುತ್ತಾರೆ, ಉಳಿದರ್ಧ ಜನ ಮಾಲೀಸು ಮಾಡುವವಳು ಎಂದುಕೊಳ್ಳುತ್ತಾರೆ. ಅವಳ ಕೆಲಸ ಇಷ್ಟೇ: ಸೋತ ಕೈಗೆ ಅದರ ಹಳೆಯ ಕೆಲಸವನ್ನೇ ಕೊಟ್ಟು ಎಬ್ಬಿಸುವುದು. ಚೆಂಡು ಹಿಸುಕು ಎಂದರೆ ಮುಖ ಸಿಂಡರಿಸುವ ಕೈ, ತಾನು ದಿನಾ ಮಾಡುತ್ತಿದ್ದ ಕೆಲಸ ಕಂಡರೆ ತಾನಾಗಿ ಮುಂದೆ ಬರುತ್ತದೆ. ಭುಜ ಮುರಿದುಕೊಂಡು ಬಂದ ಲಾರಿ ಡ್ರೈವರ್ ಒಬ್ಬನಿಗೆ ಅವಳು ಹಳೆಯ ಸ್ಟಿಯರಿಂಗ್ ತರಿಸಿ ಗೋಡೆಗೆ ಕೂರಿಸಿಕೊಟ್ಟಿದ್ದಳು. ಒಂದು ಇಂಚು ಕೈ ಎತ್ತಲು ಅಯ್ಯೋ ಅಪ್ಪಾ ಅನ್ನುತ್ತಿದ್ದವನು ಈಗ ತಿರುವುಗಳಲ್ಲಿ ಬಾಯಲ್ಲೇ ಹಾರನ್ ಹೊಡೆಯುತ್ತಾನೆ. ಪಕ್ಕದ ವಾರ್ಡಿನಿಂದ ದೂರು ಬಂದಿದೆ.

ಹೀಗಿರುವಾಗ ದೊಡ್ಡಕ್ಕ ಬಂದಳು. ವಾರ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು ಎಂದು ಡ್ರೈವರ್ ಇಟ್ಟ ಹೆಸರು ಅದು. ನರ್ಸುಗಳಿಗೂ ಅದೇ ಬಾಯಿಗೆ ಬಂತು. ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ಪೂರ್ತಿ ಹೋಗಿತ್ತು. ಹೌದಿಗೂ ಇಲ್ಲಕ್ಕೂ ಗಂಟಲಿನಿಂದ ಒಂದೇ ಸದ್ದು ಬರುತ್ತಿತ್ತು. ಹಾಗಾಗಿ ಥೆರಪಿಸ್ಟ್ ಕೇಳಬೇಕಾದ್ದನ್ನು ಮನೆಯವರನ್ನೇ ಕೇಳಿದಳು.

ಮನೆಯವರು ಅಂದರೆ ಗಂಡ, ಮತ್ತು ವಾರಕ್ಕೊಮ್ಮೆ ಬರುವ ಮಗಳು. ಗಂಡ ನಿವೃತ್ತ ಸರ್ವೇಯರು. ಸುತ್ತಲಿನ ಅರ್ಧ ಜಮೀನಿನ ಎಲ್ಲೆ ಅವರಿಗೆ ಬಾಯಿಪಾಠ. ತಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂಬುದು ಮಾತ್ರ ತಿಳಿಯದು.

“ಇವರಿಗೆ ಮನೆಯಲ್ಲಿ ತುಂಬಾ ಇಷ್ಟವಾದ ಕೆಲಸ ಯಾವುದು?” ಎಂದು ಥೆರಪಿಸ್ಟ್ ಕೇಳಿದಳು.

“ಅಡುಗೆ,” ಎಂದರು ಸರ್ವೇಯರು, ಯೋಚಿಸುವ ಗೋಜಿಗೇ ಹೋಗದೆ. “ಅಡುಗೆ ಅಂದ್ರೆ ಅವಳಿಗೆ ಪ್ರಾಣ. ಅದರಲ್ಲಿ ಅವಳದು ಎತ್ತಿದ ಕೈ.”

“ಅಮ್ಮ ಅಡುಗೆಮನೆ ಬಿಟ್ಟು ಆಚೆ ಬರೋದೇ ಅಪರೂಪ,” ಎಂದಳು ಮಗಳು.

ಹಾಸಿಗೆಯ ಮೇಲಿದ್ದ ದೊಡ್ಡಕ್ಕ ತಲೆ ಅಲುಗಿಸಿ ಗಂಟಲಿನಿಂದ ದೊಡ್ಡ ಸದ್ದು ಮಾಡಿದಳು.

“ನೋಡಿ ಮೇಡಂ, ಅಡುಗೆ ಅಂದ ಕೂಡ್ಲೇ ಹೇಗೆ ಖುಷಿಯಾದ್ಲು,” ಎಂದರು ಸರ್ವೇಯರು. ಅವರ ಕಣ್ಣಲ್ಲಿ ನೀರು ಬಂತು. ಥೆರಪಿಸ್ಟ್‌ಗೂ ಸಂತೋಷವಾಯಿತು. ಇಷ್ಟು ಸುಲಭವಾಗಿ ದಾರಿ ಸಿಗುವ ರೋಗಿಗಳು ಕಡಿಮೆ.

ಅಲ್ಲಿಂದ ದೊಡ್ಡಕ್ಕನ ಮಧ್ಯಾಹ್ನಗಳೆಲ್ಲ ಅಡುಗೆಮನೆಗೆ ಹೋದವು. ಮೊದಲು ಬಟಾಣಿ ಆರಿಸುವುದು, ಆಮೇಲೆ ಹಿಟ್ಟು ನಾದುವುದು, ಆಮೇಲೆ ಮೊಳೆಯ ಹಲಗೆ. ಕಾಲಿಗೆ ನಿಲ್ಲುವಷ್ಟು ಬಲ ಬಂತು, ಕೈಯೂ ಚೇತರಿಸಿಕೊಳ್ಳುತ್ತಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಅದು ವ್ಯಾಯಾಮದ ಕೋಣೆಯಲ್ಲಿ ಮಾತ್ರ ಚೇತರಿಸಿಕೊಳ್ಳುತ್ತಿತ್ತು. ಅಲ್ಲಿ ಮರದ ಗೂಟಗಳನ್ನು ಒಂದೊಂದಾಗಿ ಕಿತ್ತು ತೂತುಗಳಿಗೆ ಕೂರಿಸುವ ಬೆರಳುಗಳು, ಗೋಡೆಯಾಚೆಯ ಅಡುಗೆಮನೆಗೆ ಬಂದರೆ ಸತ್ತಂತೆ ನೇತಾಡುತ್ತಿದ್ದವು. ಇದು ಥೆರಪಿಸ್ಟ್ ಓದಿದ್ದಕ್ಕೆ ಪೂರಾ ತಿರುಗುಮುರುಗು. ಇಷ್ಟದ ಕೆಲಸದಲ್ಲಿ ಕೈ ಮುಂದೋಡಬೇಕು, ಗೂಟದ ಮುಂದೆ ಹಿಂಜರಿಯಬೇಕು. ಅವಳು ಪುಸ್ತಕ ತಿರುವಿದಳು, ಕೋಣೆಯ ಬೆಳಕು ಬದಲಾಯಿಸಿದಳು, ಕಟ್ಟೆಯ ಎತ್ತರ ತಗ್ಗಿಸಿದಳು, ದಪ್ಪ ಹಿಡಿಯ ಸೌಟು ತರಿಸಿದಳು. ದೊಡ್ಡಕ್ಕ ಸೌಟನ್ನು ನೋಡಿದಳು, ಸೌಟು ದೊಡ್ಡಕ್ಕನನ್ನು ನೋಡಿತು, ಇಬ್ಬರೂ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಮಾತೂ ಮೆಲ್ಲಗೆ ಬಂತು. ಮೊದಲು ನೀರು, ಬೇಡ, ಕಿಟಕಿ ಎಂಬಂಥ ಬಿಡಿ ಪದಗಳು, ಆಮೇಲೆ ತುಂಡು ವಾಕ್ಯಗಳು, ಕೊನೆಗೆ ಸಾಕಷ್ಟು ಮಾತು. ಆದರೆ ಚಿಕಿತ್ಸೆ ಯಾವುದೆಂದು ಆಗಲೇ ಗೊತ್ತಾಗಿ ಹೋಗಿತ್ತಲ್ಲ. ಮತ್ತೊಮ್ಮೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ದೊಡ್ಡಕ್ಕನೂ ಆ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ.

ಈ ವಿಭಾಗದಿಂದ ಮನೆಗೆ ಹೋಗಬೇಕಾದವರು ಕೊನೆಗೊಂದು ಪರೀಕ್ಷೆ ದಾಟಬೇಕು. ಯಾರ ಸಹಾಯವೂ ಇಲ್ಲದೆ ಚಹಾ ಮಾಡಬೇಕು, ತಮ್ಮನ್ನು ಮನೆಗೆ ಕರೆದುಕೊಂಡು ಹೋಗಲು ಬಂದವರಿಗೆ ಅದನ್ನು ಕೊಡಬೇಕು, ಅವರು ಕುಡಿಯಬೇಕು. ಚಹಾ ಸಣ್ಣ ವಿಷಯವೆಂದು ಮೂಗು ಮುರಿಯುವವರು ಒಮ್ಮೆ ಒಂದೇ ಕೈಯಲ್ಲಿ ಮಾಡಿ ನೋಡಬೇಕು. ಯಾವುದು ಮೊದಲು ಯಾವುದು ಆಮೇಲೆ ಎಂಬ ನೆನಪು, ಬೆಂಕಿಯ ಎಚ್ಚರ, ಬಿಸಿ ಪಾತ್ರೆ ಎತ್ತುವ ಬಲ, ಸೋಸುವಾಗ ನಡುಗದ ಬೆರಳು, ಕುದಿಯುವವರೆಗೆ ಕಾಯುವ ತಾಳ್ಮೆ, ಎಲ್ಲವೂ ಅದರಲ್ಲಿ ಬಂದುಬಿಡುತ್ತದೆ. ದಾಟಿದವರು ಮನೆಗೆ ಹೋಗುತ್ತಾರೆ. ದಾಟದವರು ನದಿಯ ಆಚೆಗಿನ ಆರೈಕೆ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿ ಸಂಜೆ ಆರಕ್ಕೆ ಊಟ ಕೊಟ್ಟು ದೀಪ ಆರಿಸುತ್ತಾರೆ.

ದೊಡ್ಡಕ್ಕ ಎರಡು ಸಲ ಪರೀಕ್ಷೆಗೆ ನಿಂತಳು. ಎರಡೂ ಸಲ ಲೋಟ ಬಿದ್ದು ಚೂರಾಯಿತು. ಎರಡನೇ ಸಲ ಸರ್ವೇಯರು ಗಾಜಿನ ಬಾಗಿಲಾಚೆ ನಿಂತು ನೋಡುತ್ತಿದ್ದರು. ಅವರ ಅಂಗಿಯ ಕಾಲರು ಈಗ ಕತ್ತಿಗೆ ದೊಡ್ಡದಾಗಿತ್ತು. ಹೆಂಡತಿ ಮಲಗಿದಾಗಿನಿಂದ ಕ್ಯಾಂಟೀನಿನ ಊಟ, ಕೆಲವೊಮ್ಮೆ ಅದೂ ಇಲ್ಲ. ಆದರೂ ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು, ಹಾಸಿಗೆಯ ಪಕ್ಕ ಕೂತು ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು, ಅವಳ ತಲೆ ಬಾಚಲು ಹೋಗಿ ಸಿಕ್ಕು ಹೆಚ್ಚಿಸಿ ನರ್ಸಿನಿಂದ ಬೈಸಿಕೊಳ್ಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಸಲೀಸಾಗಿ ಮುಗಿಯುತ್ತಿತ್ತು.

“ಹೇಗಾದ್ರೂ ಮಾಡಿ ಮನೆಗೆ ಕಳಿಸಿಕೊಡಿ ಮೇಡಂ,” ಎಂದು ಅವರು ಥೆರಪಿಸ್ಟ್‌ನ ಬಳಿ ಅಂಗಲಾಚಿದರು. “ಅವಳಿಲ್ಲದೆ ಮನೆ ಮನೆ ಥರಾನೇ ಇಲ್ಲ. ಒಲೆ ಮುಂದೆ ನಿಂತ್ರೆ ಅವಳು ತಾನಾಗೇ ಸರಿ ಹೋಗ್ತಾಳೆ.”

ವಾರ್ಡಿನ ಡಾಕ್ಟರಿಗೆ ಹಾಸಿಗೆ ಖಾಲಿಯಾಗಬೇಕಿತ್ತು. ಶುಕ್ರವಾರ ಕೊನೆಯ ಪರೀಕ್ಷೆ, ಆಗಲಿಲ್ಲವೆಂದರೆ ಆರೈಕೆ ಕೇಂದ್ರ ಎಂದು ಅವರು ಕಡ್ಡಿ ಮುರಿದಂತೆ ಹೇಳಿ ಹೋದರು.

ಗುರುವಾರ ಮಧ್ಯಾಹ್ನ ಥೆರಪಿಸ್ಟ್ ಡ್ರೈವರನ್ನು ವ್ಯಾಯಾಮಕ್ಕೆ ಕರೆಯಲು ರೋಗಿಗಳು ಕೂರುವ ಹಜಾರಕ್ಕೆ ಹೋದಳು. ಕಿಟಕಿಯ ಪಕ್ಕದ ಮೇಜಿನಲ್ಲಿ ಇಸ್ಪೀಟು ನಡೆಯುತ್ತಿತ್ತು. ಒಂದು ಕಡೆ ಡ್ರೈವರ್, ಎದುರಿಗೆ ದೊಡ್ಡಕ್ಕ, ನಡುವೆ ಪಣಕ್ಕಿಟ್ಟ ಬಿಸ್ಕತ್ತುಗಳ ಗುಡ್ಡೆ. ಗುಡ್ಡೆಯ ಬಹುಪಾಲು ದೊಡ್ಡಕ್ಕನ ಕಡೆ ಇತ್ತು.

ದೊಡ್ಡಕ್ಕ ಬಾಗಿಲಿಗೆ ಬಲಮಗ್ಗುಲಾಗಿ ಕೂತಿದ್ದಳು, ಥೆರಪಿಸ್ಟ್ ಬಂದದ್ದನ್ನು ಗಮನಿಸಲಿಲ್ಲ. ಎಡಗೈಯಲ್ಲಿ ಎಲೆಗಳನ್ನು ಬೀಸಣಿಗೆಯ ಹಾಗೆ ಹಿಡಿದಿದ್ದಳು. ಬಲಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಪಟ್ಟಿಯಲ್ಲಿ ಜೋತುಬಿದ್ದಿತ್ತು, ಯಾರಿಗೂ ಬೇಡವಾದ ಸಾಮಾನಿನಂತೆ. ಡ್ರೈವರ್ ಕೆಮ್ಮಲು ಅತ್ತ ತಿರುಗಿದ. ಅಷ್ಟರಲ್ಲಿ ಆ ಬಲಗೈ ಎದ್ದಿತು. ಹೆಬ್ಬೆರಳು ಮತ್ತು ತೋರುಬೆರಳು ಮೇಜಿನಂಚಿನಿಂದ ಒಂದು ಎಲೆಯನ್ನು ಮೃದುವಾಗಿ ಎತ್ತಿದವು, ಉಳಿದ ಬೆರಳುಗಳು ಅದನ್ನು ಒಳಗೆ ಮಡಚಿಕೊಂಡವು, ಮಣಿಕಟ್ಟು ಅರ್ಧ ಸುತ್ತು ತಿರುಗಿ ಎಲೆಯನ್ನು ಪಟ್ಟಿಯ ಒಳಕ್ಕೆ ಸೇರಿಸಿತು. ಕೈ ಮತ್ತೆ ಸತ್ತಿತು.

“ಎಕ್ಕ ಎಲ್ಲಿ ಹೋಯ್ತು?” ಎಂದ ಡ್ರೈವರ್.

“ನಿನ್ನ ಹತ್ರಾನೇ ಇರಬೇಕು, ನೋಡ್ಕೋ,” ಎಂದಳು ದೊಡ್ಡಕ್ಕ.

ಚಹಾ ಸೋಸುವುದಕ್ಕೆ ಇದರ ಅರ್ಧದಷ್ಟು ಬೆರಳೂ ಬೇಕಿಲ್ಲ. ಥೆರಪಿಸ್ಟ್‌ಗೆ ಸಿಟ್ಟು ನೆತ್ತಿಗೇರಿತು. ಇವರಿಗಾಗಿ ಅವಳು ಕಟ್ಟೆ ಕೆಡವಿಸಿ ಕಟ್ಟಿಸಿದ್ದಳು, ಲೋಟದ ಚೂರು ಬಳಿದಿದ್ದಳು, ತನ್ನ ವಿದ್ಯೆಯ ಮೇಲೇ ಅನುಮಾನಪಟ್ಟು ನಿದ್ದೆಗೆಟ್ಟಿದ್ದಳು. ಡ್ರೈವರನ್ನು ಅಲ್ಲೇ ಬಿಟ್ಟು, ದೊಡ್ಡಕ್ಕನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿದಳು.

“ಕೈ ಸರಿಯಾಗಿದೆ ಅಲ್ವಾ?”

“ಪರವಾಗಿಲ್ಲ,” ಎಂದಳು ದೊಡ್ಡಕ್ಕ. “ಕಿರುಬೆರಳು ಇನ್ನೂ ಸ್ವಲ್ಪ ಮಂಕು.”

“ಮತ್ತೆ ಲೋಟ ಯಾಕೆ ಬಿತ್ತು?”

“ಬಿಟ್ಟೆ, ಬಿತ್ತು.”

ದೊಡ್ಡಕ್ಕನ ಮುಖದಲ್ಲಿ ಸಿಕ್ಕಿಬಿದ್ದ ಗಾಬರಿ ಎಳ್ಳಷ್ಟೂ ಇರಲಿಲ್ಲ. ಪಟ್ಟಿಯೊಳಗಿಂದ ಎಕ್ಕವನ್ನು ತೆಗೆದು ಕಟ್ಟೆಯ ಮೇಲಿಟ್ಟಳು.

“ಅಡುಗೆ ಅಂದ್ರೆ ನಿಮಗೆ ಪ್ರಾಣ ಅಂತ ಹೇಳಿದ್ರಲ್ಲ,” ಎಂದಳು ಥೆರಪಿಸ್ಟ್.

“ಯಾರು ಹೇಳಿದ್ರು?”

“ನಿಮ್ಮ ಯಜಮಾನರು.”

“ಅವರಿಗೆ ಊಟ ಅಂದ್ರೆ ಪ್ರಾಣ. ಅದು ಬೇರೆ, ಇದು ಬೇರೆ.”

“ಅಡುಗೆ ಅಂದ ಕೂಡ್ಲೇ ನೀವೂ ತಲೆ ಅಲ್ಲಾಡಿಸಿದ್ರಿ. ಖುಷಿಯಿಂದ ಸದ್ದು ಮಾಡಿದ್ರಿ.”

“ಬೇಡ ಅಂದೆ ಕಣಮ್ಮ. ಬಾಯಿಗೆ ಬಂದದ್ದು ಅಷ್ಟೇ.”

ಥೆರಪಿಸ್ಟ್ ಎದುರಿನ ಸ್ಟೂಲಿನ ಮೇಲೆ ಕೂತಳು. “ಮಾತು ಬಂದ ಮೇಲಾದ್ರೂ ಹೇಳಬಹುದಿತ್ತಲ್ಲ?”

“ನೀನು ಕೇಳಬಹುದಿತ್ತಲ್ಲ?”

ಥೆರಪಿಸ್ಟ್‌ನ ಸಿಟ್ಟು ಇಳಿದು ಆ ಜಾಗದಲ್ಲಿ ನಾಚಿಕೆ ಬಂದು ಕೂತಿತು. ದೊಡ್ಡಕ್ಕ ಅವಳನ್ನು ಕೆಣಕಲು ಹಾಗೆ ಹೇಳಿರಲಿಲ್ಲ. ಬಹಳ ದಿನದ ಮೇಲೆ ಕಿವಿಯೊಂದು ಸಿಕ್ಕಿತ್ತು, ಹಾಗಾಗಿ ಮುಂದುವರಿಸಿದಳು.

“ಕೈ ಬಿದ್ದ ದಿನ ಬೆಳಿಗ್ಗೆ ಈರುಳ್ಳಿ ಹೆಚ್ತಾ ಇದ್ದೆ. ಚಾಕು ಜಾರ್ತು, ನಾನೂ ಜಾರಿದೆ. ನೆಲದ ಮೇಲೆ ಬಿದ್ಕೊಂಡಿದ್ದೀನಿ, ಮೇಲೆ ಒಲೆ ಉರೀತಾ ಇದೆ. ಆಗ ಮೊದಲು ನನಗೆ ಅನ್ನಿಸಿದ್ದೇನು ಗೊತ್ತಾ? ಸದ್ಯ, ಇವತ್ತು ಅಡುಗೆ ಇಲ್ಲ. ಸತ್ತುಹೋಗಬಹುದು ಅಂತ ಹೊಳೆದದ್ದು ಆಮೇಲೆ.”

ದೊಡ್ಡಕ್ಕ ಒಲೆಯ ಕಡೆ ಬೆರಳು ತೋರಿಸಿದಳು.

“ನಾನು ಚಹಾ ಮಾಡಿದ್ರೆ ನೀವು ಮನೆಗೆ ಕಳಿಸ್ತೀರಿ. ಮನೆಗೆ ಹೋದ್ರೆ ಮತ್ತೆ ಚಹಾ ಮಾಡ್ತಾನೇ ಇರಬೇಕು, ಕೈ ಬೀಳೋ ತನಕ. ಒಂದು ಸಲ ಬಿದ್ದಿದ್ದಾಯ್ತಲ್ಲ, ಸಾಲದಾ?”

“ಮಾಡದಿದ್ರೆ ಆರೈಕೆ ಕೇಂದ್ರಕ್ಕೆ ಹೋಗಬೇಕಾಗುತ್ತೆ.”

“ಅಲ್ಲಿ ಅಡುಗೆ ಯಾರು ಮಾಡ್ತಾರೆ?”

“ಅಡುಗೆಯವರಿದ್ದಾರೆ.”

“ಹಾಗಾದ್ರೆ ಒಳ್ಳೇದೇ ಆಯ್ತು.” ದೊಡ್ಡಕ್ಕ ನಗಲಿಲ್ಲ.

ಥೆರಪಿಸ್ಟ್ ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದಳು. ಮನೆಯಲ್ಲಿ ನಿಮಗೆ ಇಷ್ಟವಾದದ್ದು ಏನಾದರೂ ಇದೆಯಾ?

ದೊಡ್ಡಕ್ಕ ಕಟ್ಟೆಯ ಮೇಲಿನ ಎಕ್ಕವನ್ನು ಮಗುಚಿ ಹಾಕಿ, ಮತ್ತೆ ತಿರುಗಿಸಿದಳು. ಆಮೇಲೆ ಹೇಳಿದಳು: ಮುಂದಿನ ಕೋಣೆಯ ಕಿಟಕಿ. ಅದರ ನೇರಕ್ಕೆ ಕೆಳಗೆ ಬಸ್ ನಿಲ್ದಾಣ. ಜನ ಬಸ್ಸಿಗೆ ಓಡಿ ಬರುತ್ತಾರೆ. ಯಾರಿಗೆ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಎಂದು ಮೊದಲೇ ಹೇಳಿ ಪಣ ಕಟ್ಟಿಕೊಳ್ಳುವುದು, ತನ್ನೊಳಗೇ. ಕುಂಟುತ್ತಾ ಬರುವವರಿಗೆ ಸಿಗುತ್ತದೆ, ಬಸ್ಸಿನವನಿಗೆ ಕರುಣೆ ಬರುತ್ತದೆ. ಫೋನಿನಲ್ಲಿ ಮಾತಾಡುತ್ತಾ ಬರುವವರಿಗೆ ತಪ್ಪುತ್ತದೆ. ತನ್ನ ಲೆಕ್ಕ ತಪ್ಪುವುದು ಕಡಿಮೆ.

“ಆದ್ರೆ ಪೂರ್ತಿ ನೋಡಿದ್ದೇ ಇಲ್ಲ,” ಎಂದಳು. “ಒಲೆ ಮೇಲೆ ಯಾವಾಗ್ಲೂ ಏನಾದ್ರೂ ಇರುತ್ತಲ್ಲ. ಯಾರೋ ಒಬ್ಬ ಓಡಿ ಬರ್ತಾ ಇರ್ತಾನೆ, ಇಲ್ಲಿ ಸೀದ ವಾಸನೆ ಬರುತ್ತೆ. ವಾಪಸ್ ಬಂದು ನೋಡಿದ್ರೆ ಬಸ್ಸೂ ಇಲ್ಲ, ಅವನೂ ಇಲ್ಲ. ಸಿಕ್ತೋ ತಪ್ತೋ, ಯಾರನ್ನ ಕೇಳೋದು?”

“ಮನೆಯವರಿಗೆ ಇದು ಗೊತ್ತಾ?”

“ನಾನು ಕಿಟಕಿ ಒರೆಸ್ತೀನಿ ಅಂದ್ಕೊಂಡಿದ್ದಾರೆ.”

ಥೆರಪಿಸ್ಟ್ ಎದ್ದು ಕಟ್ಟೆಗೆ ಒರಗಿ ನಿಂತಳು. ಅವಳಿಗೆ ಈ ಹೆಂಗಸನ್ನು ಕಂಡು ಅಯ್ಯೋ ಅನ್ನಿಸಲಿಲ್ಲ, ಒಂದು ಥರದ ಗೌರವವೇ ಬಂತು. ಆದರೆ ನಾಳಿನ ವರದಿಗೆ ಸಹಿ ಹಾಕಬೇಕಾದವಳು ತಾನು.

“ನಾನು ಸುಳ್ಳು ಬರೆಯೋಕಾಗಲ್ಲ ದೊಡ್ಡಕ್ಕ. ಕೈ ಸರಿಯಿದೆ ಅಂತ ನಾನು ಕಣ್ಣಾರೆ ನೋಡಿದ್ದೀನಿ. ಮತ್ತೆ ಲೋಟ ಬಿಟ್ರೆ, ಬೇಕು ಅಂತ ಬಿಟ್ರು ಅಂತಾನೇ ಬರೀಬೇಕಾಗುತ್ತೆ.”

“ಬರಿ.”

“ಆದ್ರೆ ನಾನು ಬರಿಯೋದು ಕೈ ಬಗ್ಗೆ ಮಾತ್ರ. ಆ ಕೈ ಯಾರಿಗೆ ಏನು ಮಾಡಿಕೊಡಬೇಕು ಅನ್ನೋದು ವರದಿಯಲ್ಲಿ ಬರಲ್ಲ. ಅದನ್ನ ನೀವೇ ಹೇಳಬೇಕು. ನಿಮ್ಮ ಬಾಯಿ ಈಗ ಚೆನ್ನಾಗಿದೆ.”

ದೊಡ್ಡಕ್ಕ ಎಕ್ಕವನ್ನು ಬಲಗೈಯಲ್ಲೇ ಎತ್ತಿಕೊಂಡಳು. “ನನ್ನನ್ನ ಹಜಾರಕ್ಕೆ ಬಿಡಮ್ಮ. ಅವನು ಬಿಸ್ಕತ್ತು ತಿಂದು ಮುಗಿಸಿರ್ತಾನೆ,” ಎಂದಳು.

ಶುಕ್ರವಾರ ಬೆಳಿಗ್ಗೆ ಸರ್ವೇಯರು ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು ಬಂದರು. ಪರೀಕ್ಷೆ ತಮಗೇ ಇರುವಂತೆ ಹಣೆ ಬೆವರಿತ್ತು. ಥೆರಪಿಸ್ಟ್ ಅವರನ್ನು ಈ ಸಲ ಬಾಗಿಲಾಚೆ ನಿಲ್ಲಿಸದೆ ಒಳಗೆ ಕರೆದು ಮೇಜಿನ ಮುಂದೆ ಕೂರಿಸಿದಳು. ಮಧ್ಯೆ ಮಾತಾಡಬಾರದು, ಏಳಬಾರದು ಎಂದು ಹೇಳಿದಳು. ಆಮೇಲೆ ಕೈ ಕಟ್ಟಿ ಮೂಲೆಯಲ್ಲಿ ನಿಂತಳು. ಲೋಟ ಬಿದ್ದರೆ ಏನು ಮಾಡಬೇಕೆಂದು ಅವಳು ಇನ್ನೂ ತೀರ್ಮಾನಿಸಿರಲಿಲ್ಲ.

ದೊಡ್ಡಕ್ಕ ಗಾಲಿಕುರ್ಚಿಯಿಂದ ಎದ್ದು ನಿಂತಳು. ಪಟ್ಟಿಯನ್ನು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಬಲಗೈಯಿಂದ ಹಿಡಿಯ ಪಾತ್ರೆಯನ್ನು ತೆಗೆದು ನಲ್ಲಿಗೆ ಹಿಡಿದಳು. ಸ್ವಲ್ಪ ನೀರು ಬಿಟ್ಟು, ಪಾತ್ರೆಯನ್ನು ಅಲುಗಿಸಿ ನೋಡಿ, ಅದರಲ್ಲೂ ಸ್ವಲ್ಪ ಚೆಲ್ಲಿದಳು. ಲೈಟರ್ ಒತ್ತಿದ ಮೊದಲ ಸಲಕ್ಕೇ ಒಲೆ ಹತ್ತಿತು. ನೀರು ಕುದಿಯುವವರೆಗೆ ಕಟ್ಟೆಗೆ ಕೈಯೂರಿ ಸುಮ್ಮನೆ ನಿಂತಳು. ಸರ್ವೇಯರು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಕೆ ಚಹಾ ಪುಡಿ ಹಾಕಿದಳು, ಉರಿ ಸಣ್ಣ ಮಾಡಿದಳು, ಮುಚ್ಚಿದಳು, ಕಾದಳು. ಒಂದು ಕಪ್ಪನ್ನು ತೆಗೆದು ಹಾಸಿನ ಮೇಲಿಟ್ಟು, ಎಡಗೈಯಲ್ಲಿ ಜಾಲರಿ ಹಿಡಿದು ಬಲಗೈಯಿಂದ ಬಗ್ಗಿಸಿದಳು. ಹೊರಗೆ ಒಂದು ಹನಿಯೂ ಬೀಳಲಿಲ್ಲ. ಒಲೆ ಆರಿಸಿದಳು.

ಸರ್ವೇಯರ ಮುಖ ಅರಳಿತು. ಆಮೇಲೆ ಕಪ್ಪಿನೊಳಗೆ ಇಣುಕಿ ನೋಡಿದಾಗ ಬಾಡಿತು. ಅವರು ಥೆರಪಿಸ್ಟ್ ಕಡೆ ತಿರುಗಿ, ಹೆಂಡತಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು.

“ಹಾಲು ಸಕ್ಕರೆ ಮರ್ತುಬಿಟ್ಲು ಮೇಡಂ. ಇದೊಂದನ್ನ ಫೇಲ್ ಅಂತ ತಗೋಬೇಡಿ. ಮನೇಲಿ ನಾನು ನೆನಪು ಮಾಡ್ತೀನಿ.”

“ಮರ್ತಿಲ್ಲ,” ಎಂದಳು ದೊಡ್ಡಕ್ಕ. “ನನಗೆ ಹಾಲು ಸಕ್ಕರೆ ಸೇರಲ್ಲ. ಮದುವೆಗೆ ಮುಂಚಿನಿಂದಾನೂ ಸೇರಲ್ಲ.”

“ದಿನಾ ನನ್ನ ಜೊತೇಲೇ ಕುಡೀತಿದ್ದೆಯಲ್ಲೇ?”

“ಒಂದೇ ಪಾತ್ರೆ ಅಲ್ವೇನ್ರೀ. ಎರಡೆರಡು ಥರ ಯಾರು ಮಾಡ್ತಾರೆ ಅಂತ ನಿಮ್ಮದನ್ನೇ ಕುಡಿದೆ.”

ಆಕೆ ಕಪ್ಪನ್ನು ಎತ್ತಿ ಊದಿ ಒಂದು ಗುಟುಕು ಕುಡಿದಳು. ನಿಂತೇ ಕುಡಿದಳು. ಸರ್ವೇಯರು ಕಪ್ಪು ತಮ್ಮ ಕಡೆ ಬರುತ್ತದೆಂದು ಅರ್ಧ ಚಾಚಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಮೇಜಿನ ಮೇಲಿಟ್ಟರು. ಅವರು ಏನನ್ನೋ ಅಳೆಯುತ್ತಿದ್ದವರಂತೆ ಹೆಂಡತಿಯ ಮುಖವನ್ನು, ಕಪ್ಪನ್ನು, ಆ ಬಲಗೈಯನ್ನು ನೋಡಿದರು. ಅವರಿಗೆ ನೋವಾಗಿತ್ತು, ಅದು ಕಾಣುತ್ತಿತ್ತು. ಥೆರಪಿಸ್ಟ್‌ಗೆ ಅವರ ಮೇಲೆ ಕನಿಕರ ಬಂತು. ಆದರೂ ಮಧ್ಯೆ ಬಾಯಿ ಹಾಕದೆ ವರದಿಯಲ್ಲಿ ‘ಕೈ ಸರಿಯಿದೆ’ ಎಂದು ಬರೆದಳು.

“ಮನೆಗೆ ಬರ್ತೀಯ ತಾನೇ?” ಎಂದು ಕೊನೆಗೆ ಕೇಳಿದರು.

“ಬರ್ತೀನಿ. ನಿಮ್ಮ ಜೊತೆ ಇರೋಕೆ ಬರ್ತೀನಿ. ಅಡುಗೆಗೆ ಬರಲ್ಲ.”

“ಮತ್ತೆ ಅಡುಗೆ?”

ದೊಡ್ಡಕ್ಕ ಪಾತ್ರೆಯನ್ನು ತೊಳೆದು, ಅವರ ಮುಂದೆ ಮೇಜಿನ ಮೇಲಿಟ್ಟಳು. ಸರ್ವೇಯರು ಅದನ್ನು ನೋಡಿದರು. ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

“ನನಗೆ ಅಡುಗೆ ಬರಲ್ವಲ್ಲೇ,” ಎಂದರು.

“ನಿಮ್ಮ ಮನೆಗೆ ಬಂದಾಗ ನನಗೂ ಬರ್ತಿರಲಿಲ್ಲ,” ಎಂದಳು ದೊಡ್ಡಕ್ಕ.